ಸಾಹುಕಾರರಿಗೆ ಮೈಕು ಕೊಟ್ಟ ಉತ್ತರಿ ಮಳೆ

ಕಳೆದ ವಾರ ಯಲಬುರ್ಗಾ ಕಡೆಯ ಒಂದು ಮದುವೆಗೆ ಮೈಕು ಹಾಕಲು ಹೋಗಿದ್ದೆವು. ಈಗಿನವೆಲ್ಲ ಕರಿ ಪೆಟ್ಟಿಗೆಗಳು. ಗುಂಡಿ ಒತ್ತಿದರೆ ಎದೆ ನಡುಗುತ್ತದೆ, ವಾಸನೆ ಮಾತ್ರ ಇಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೇ ಒಂದು ಪೆಟ್ಟಿಗೆ ಕೈಕೊಟ್ಟಿತು. ಗಾಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಆಂಪ್ಲಿಫೈಯರನ್ನು ಖಾಸೀಂ ಹೊರಗೆಳೆದು ವೈರು ಸಿಕ್ಕಿಸಿದ. ಹಿಂದಿನ ದಿನ ಮಳೆಯಾಗಿ ಅದರೊಳಗೆ ತೇವ ಸೇರಿತ್ತು. ಕಾಯುತ್ತ ಬಂದಂತೆ ಸುಟ್ಟ ಧೂಳು, ಅರಗು, ಹಸಿ ಕಟ್ಟಿಗೆ ಎಲ್ಲ ಕೂಡಿದಂಥ ಒಂದು ವಾಸನೆ ಎದ್ದಿತು. ಖಾಸೀಂ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. 'ಹಳ್ಳ' ಎಂದ. ನಾನು ಹೂಂ ಅಂದೆ. ಆಮೇಲೆ ಇಬ್ಬರೂ ನಮ್ಮ ನಮ್ಮ ಕೆಲಸ ನೋಡಿಕೊಂಡೆವು.

ಕುಷ್ಟಗಿಗೆ ವಾಪಸು ಬರುವಾಗ ಆ ಹಳ್ಳದ ಮೇಲೆಯೇ ಬಂದೆವು. ಈಗ ಅಲ್ಲಿ ಎತ್ತರದ ಸೇತುವೆ ಆಗಿದೆ. ಮಳೆ ಎಷ್ಟೇ ಬರಲಿ, ಗಾಡಿ ನಿಲ್ಲುವುದಿಲ್ಲ. ಆಚೆ ದಂಡೆಯಲ್ಲಿರುವ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನನ್ನ ಬೀಗರಿದ್ದಾರೆ, ಒಳ್ಳೆಯ ಜನ ಇದ್ದಾರೆ, ಆ ದಿನವೂ ಇದ್ದರು. ನಮ್ಮ ಸೀಮೆಯ ಪಾರ್ಟಿ ಮುಖಂಡರಾದ ಸಾಹುಕಾರರ ಹೆಸರನ್ನೂ ಬರೆಯುವುದಿಲ್ಲ. ಅವರ ಹೆಸರು ಗೋಡೆಗಳ ಮೇಲೆ ಬೇಕಾದಷ್ಟಿದೆ, ನನ್ನ ಕೈಯಿಂದ ಇನ್ನೊಂದು ಯಾಕೆ.

ಖಾಸೀಂ ಮತ್ತು ನಾನು ಸೇರಿ ಮೈಕಿನ ಅಂಗಡಿ ಇಟ್ಟಾಗ ನಮಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಮಾತಾಡುವುದು ನನ್ನ ಪಾಲು, ರಿಪೇರಿ ಅವನ ಪಾಲು. ಟಂಟಂ ಗಾಡಿಯ ಮೇಲೆ ಎರಡು ಕಬ್ಬಿಣದ ಹಾರ್ನು ಕಟ್ಟಿಕೊಂಡು ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಹಳ್ಳಿ ತಿರುಗಿದ್ದೇವೆ. ಕರೆಂಟು ತೆಗೆಯುವ ದಿನ, ದನದ ಲಸಿಕೆ, ಬೀಜದಂಗಡಿ, ನಾಟಕ, ತಪ್ಪಿಸಿಕೊಂಡ ಎಮ್ಮೆ ಎಲ್ಲವನ್ನೂ ಈ ಗಂಟಲಿನಿಂದ ಸಾರಿದ್ದೇನೆ. ಬೇವೂರಿನ ಕಡೆ ನನ್ನ ಮುಖ ಗುರುತಿಲ್ಲದವರೂ ನಾನು ಬಾಯಿ ತೆರೆದರೆ 'ಮೈಕಿನ ಶರಣಪ್ಪ' ಅನ್ನುತ್ತಾರೆ. ಪಾರ್ಟಿಯ ಭೇದ ನಮಗಿರಲಿಲ್ಲ. ಯಾರು ಕರೆದರೂ ಹೋಗುತ್ತಿದ್ದೆವು. ಸಾಹುಕಾರರ ಒಂದು ಭಾಷಣದವರೆಗೆ ಹಾಗೆ ನಡೆಯಿತು.

ಆ ಭಾಷಣ ನಮ್ಮ ಮೈಕಿನಲ್ಲೇ ಆದದ್ದು. ಸಂತೆಯ ಮೈದಾನದಲ್ಲಿ ಸಾಹುಕಾರರು ನಿಂತು, ಯಾರ ಅಂಗಡಿಯಲ್ಲಿ ಕೊಳ್ಳಬೇಕು, ಯಾರನ್ನು ಹೊಸ್ತಿಲ ಒಳಗೆ ಬಿಡಬಾರದು ಎಂದು ಚೆನ್ನಾಗಿ, ನಿಲ್ಲಿಸಿ ನಿಲ್ಲಿಸಿ, ಚಪ್ಪಾಳೆಗೆ ಜಾಗ ಬಿಟ್ಟು ಹೇಳಿದರು. ಅವರಿಗೆ ಮಾತು ಬರುತ್ತದೆ, ಅದನ್ನು ಅಲ್ಲಗಳೆಯಲಾರೆ. ವೇದಿಕೆಯ ಕೆಳಗೆ ಆಂಪ್ಲಿಫೈಯರಿನ ಮುಂದೆ ಖಾಸೀಂ ಕೂತಿದ್ದ. ಅವನ ತಾಯಿ ಹುಸೇನಬಿ ಚಾಚಿ ಬುಟ್ಟಿ ಹೊತ್ತು ಮನೆಮನೆಗೆ ಬಳೆ ಇಡುತ್ತಿದ್ದಳು. ನನ್ನ ಹೆಂಡತಿ ಬಸುರಿಯಿದ್ದಾಗ ಕುಬಸದ ಹಸಿರು ಬಳೆಯನ್ನೂ ಅವಳೇ ಇಟ್ಟಿದ್ದು, ಒಂದೂ ಒಡೆಯದಂತೆ. ಆ ಭಾಷಣದ ನಂತರ ಯಾರೂ ಅವಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಬಾಗಿಲು ತೆರೆಯಲಿಲ್ಲ, ಅಷ್ಟೇ. ಒಂದು ದಿನ ಬುಟ್ಟಿ ಕೆಳಗಿಟ್ಟವಳು ಮತ್ತೆ ಹೊರಲಿಲ್ಲ. ಸಾಯುವವರೆಗೂ ಆ ಬುಟ್ಟಿ ಅವರ ಪಡಸಾಲೆಯಲ್ಲಿ ಇತ್ತು, ಕೋಳಿ ಮುಚ್ಚಲು.

ಆ ಭಾಷಣದ ದಿನವೇ ನಾನು ಅಂಗಡಿಯಲ್ಲಿ ಹೇಳಿಬಿಟ್ಟೆ, ಸಾಹುಕಾರರ ದನಿ ಇನ್ನು ನಮ್ಮ ಮೈಕಿನಿಂದ ಹೊರಡುವುದಿಲ್ಲ ಎಂದು. ಖಾಸೀಂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸಾಹುಕಾರರ ಕಡೆಯವರು ಬಂದು ಕೇಳಿದರು, ಬೆದರಿಸಿದರು, ನಕ್ಕರು, ಆಮೇಲೆ ಬೇರೆಯವರ ಮೈಕು ಹಿಡಿದರು. ದಾರಿಯಲ್ಲಿ ಎದುರಾದರೆ ಸಾಹುಕಾರರು ನಮಸ್ಕಾರ ಮಾಡುವರು. ನಾನು ಆಕಾಶ ನೋಡುವೆ. ಹೀಗೆ ವರ್ಷಗಳು ಹೋದವು. ಅವರು ಏನು ಹೇಳಿದರೂ ಅದರ ಉಲ್ಟಾ ಸರಿ ಎಂದು ತಿಳಿದುಕೊಂಡರೆ ಸಾಕು, ಯೋಚಿಸುವ ಕೆಲಸ ತಪ್ಪುತ್ತಿತ್ತು.

ಇನ್ನು ಆ ಹಳ್ಳ ತುಂಬಿದ ವರ್ಷದ ಮಾತು. ಮುಂಗಾರು ಕಣ್ಣುಮುಚ್ಚಾಲೆ ಆಡಿತು, ಉತ್ತರಿ ಮಳೆ ಮಾತ್ರ ಬಿಡದೆ ಹಿಡಿಯಿತು. ಸಜ್ಜೆ ತೆನೆ ಕೊಯ್ದು ಅಂಗಳಕ್ಕೆ ಹಾಕಿದವರು ದಿನವೂ ಹಾಸುವುದು, ದಿನವೂ ಮುಚ್ಚುವುದು. ಕೆಲಸವಿಲ್ಲದ ಜನ ಕಟ್ಟೆಯ ಮೇಲೆ ಕೂತು ಮೊಬೈಲು ತಿಕ್ಕುತ್ತಿದ್ದರು. ಆಗ ಶುರುವಾಯಿತು ಮಕ್ಕಳ ಕಳ್ಳರ ಸುದ್ದಿ. ಗಂಗಾವತಿ ಕಡೆ ಬಂದಿದ್ದಾರಂತೆ, ಸಿದ್ದಾಪುರದಲ್ಲಿ ಇಬ್ಬರನ್ನು ನೋಡಿದರಂತೆ, ಮಗುವಿನ ಹೆಸರು ಹಿಡಿದು ಕರೆದು ಮಿಠಾಯಿ ಕೊಡುತ್ತಾರಂತೆ. ಎಲ್ಲಿಯೂ ಒಂದು ಮಗು ಕಳೆದಿರಲಿಲ್ಲ. ಕಳೆದಿದ್ದರೆ ಸಾರುವವನು ನಾನೇ ತಾನೇ, ನನ್ನ ಹತ್ತಿರ ಯಾರೂ ಬಂದಿರಲಿಲ್ಲ. ಇದನ್ನು ನಾನು ಚಹಾದಂಗಡಿಯಲ್ಲಿ ಹೇಳಿದೆ. 'ನಿನಗೇನು ಗೊತ್ತು, ಮೊಬೈಲ್‌ನಾಗ ಬಂದೈತಿ' ಎಂದರು.

ಅದೇ ವಾರ ಹೆಳವರ ಯಮನಪ್ಪ ನಮ್ಮ ಓಣಿಗೆ ಬಂದ. ಹೆಳವರು ವಂಶ ಹೇಳುವವರು. ಯಾವ ಮನೆಯ ಮೂಲಪುರುಷ ಯಾರು, ಯಾವ ಊರು ಬಿಟ್ಟು ಬಂದ, ಅವನ ಮಕ್ಕಳು ಮೊಮ್ಮಕ್ಕಳು ಯಾರು, ಎಲ್ಲ ಅವರ ನಾಲಿಗೆಯ ಮೇಲೆ. ಯಮನಪ್ಪನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದ. ಇವನು ಮೊಪೆಡ್ಡಿನ ಮೇಲೆ, ಅದೇ ಹಿತ್ತಾಳೆಯ ಗಂಟೆ, ಅದೇ ದೊಡ್ಡ ರುಮಾಲು. ಸುಗ್ಗಿಯ ಹೊತ್ತಿಗೆ ಬಂದು ಅಂಗಳದಲ್ಲಿ ಕೂತು ನಮ್ಮ ಹಿರಿಯರನ್ನೆಲ್ಲ ಒಂದೇ ಉಸಿರಿನಲ್ಲಿ ಕರೆದು, ಕೊನೆಗೆ ಈ ವರ್ಷ ಹುಟ್ಟಿದ ಕೂಸು ಯಾವುದು, ಹೆಸರೇನಿಟ್ಟಿರಿ ಎಂದು ಕೇಳುತ್ತಾನೆ. ಆ ಹೆಸರು ವಂಶದ ಕೊನೆಗೆ ಸೇರುತ್ತದೆ. ಆಮೇಲೆ ಕಾಳು ತೆಗೆದುಕೊಂಡು ಹೊರಡುತ್ತಾನೆ.

ಆ ದಿನ ಪಕ್ಕದ ಮನೆಯಲ್ಲಿ ಹಾಗೆ ಕೇಳಿದಾಗ ಅಲ್ಲಿಯ ಸೊಸೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ಮದುವೆಯಾಗಿ ಹೊಸದಾಗಿ ಬಂದವಳು, ಅವಳ ತವರಿನ ಕಡೆ ಹೆಳವರು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ನನಗೆ ಸರಿಬರಲಿಲ್ಲ. ಯಮನಪ್ಪನಿಗೆ ಚಹಾ ಕೊಟ್ಟು, ಈ ವರ್ಷ ಹೊರಗಿನ ಊರುಗಳಲ್ಲಿ ಮಕ್ಕಳ ಹೆಸರು ಕೇಳಬೇಡ, ಜನರ ತಲೆ ಸರಿಯಿಲ್ಲ ಎಂದೆ. ಅವನು ಬಸಿಯಲ್ಲಿ ಉಳಿದ ಚಹಾ ಕುಡಿದು ಮುಗಿಸಿ ಮಾತಾಡಿದ.

"ಕೇಳದಿದ್ರ ವಂಶ ಮುಂದಕ ಹೆಂಗ ಹೋಗತೈತ್ರಿ ಯಜಮಾನ್ರ? ನಮ್ಮಪ್ಪ ನಿಮ್ಮ ಹೆಸರು ಕೇಳಿದ್ದಕ್ಕ ಇವತ್ತು ನಾ ನಿಮ್ಮ ಹೆಸರು ಹೇಳಾಕತ್ತೀನಿ."

ನನ್ನ ಸೊಸೆ ಆಗ ಬಸುರಿ. ಮುಂದಿನ ಸಲ ಬಂದಾಗ ಕೇಳುತ್ತೇನೆ ಎಂದು ನಕ್ಕು ಗಂಟೆ ಬಾರಿಸಿಕೊಂಡು ಹೋದ.

ಮರುದಿನ ಬೆಳಗಿನಿಂದಲೇ ಮಳೆ. ಮಧ್ಯಾಹ್ನ ಸ್ವಲ್ಪ ಬಿಡುವು ಕೊಟ್ಟಿತ್ತು. ಅಂಗಡಿಯ ಮುಂದೆ ಜೀಪು ನಿಂತಿತು. ಸಾಹುಕಾರರು ತಾವೇ ಇಳಿದರು, ಹಿಂದೆ ಮುಂದೆ ಯಾರೂ ಇಲ್ಲ. ಬಿಳಿ ಧೋತರದ ತುದಿ ಕೆಸರಾಗಿತ್ತು. ನಿನ್ನ ಮೈಕು ಬೇಕು ಎಂದರು. ಕೊಡುವುದಿಲ್ಲ ಎಂದು ನಿಮಗೆ ಗೊತ್ತಿದೆಯಲ್ಲ ಎಂದೆ.

"ಗೊತ್ತೈತಿ. ಅದಕ್ಕ ನಾನ ಬಂದೀನಿ" ಎಂದು ಮೊಬೈಲು ನನ್ನ ಮುಂದೆ ಹಿಡಿದರು.

ಪರದೆಯ ಮೇಲೆ ಒಂದು ಕಂಬ, ಕಂಬಕ್ಕೆ ಕಟ್ಟಿದ ಒಬ್ಬ ಮನುಷ್ಯ. ರುಮಾಲು ಬಿಚ್ಚಿಹೋಗಿತ್ತು. ತುಟಿ ಒಡೆದಿತ್ತು. ಪಕ್ಕದಲ್ಲಿ ಒಬ್ಬ ಹುಡುಗ ಹಿತ್ತಾಳೆಯ ಗಂಟೆಯನ್ನು ಎತ್ತಿ ಹಿಡಿದಿದ್ದ. ಅದನ್ನು ಬಾರಿಸಿ ಮಕ್ಕಳನ್ನು ಕರೆಯುತ್ತಾನಂತೆ ಎಂದು ಚಿತ್ರದ ಕೆಳಗೆ ಬರೆದಿತ್ತು. ಯಮನಪ್ಪ ಎಂದು ನಾನು ಅಂದದ್ದು ನನಗೇ ಕೇಳಿಸಲಿಲ್ಲ.

ರುಮಾಲಿಲ್ಲದ ಆ ಬಾತ ಮುಖ ಸಾಹುಕಾರರಿಗೆ ಗುರುತು ಸಿಕ್ಕಿರಲಿಲ್ಲ. ಹಳ್ಳದಾಚೆಯ ಊರಿನ ಅವರ ಪಾರ್ಟಿಯ ಹುಡುಗರು, ಕಳ್ಳನನ್ನು ಹಿಡಿದಿದ್ದೇವೆ ಎಂದು ಹೆಮ್ಮೆಯಿಂದ ಅವರಿಗೇ ಚಿತ್ರ ಕಳಿಸಿದ್ದರು. ಅವರು ಫೋನು ಮಾಡಿ ಬಿಡಿ ಎನ್ನುವಷ್ಟರಲ್ಲಿ ಲೈನು ಹೋಯಿತು, ಮತ್ತೆ ಸಿಗಲಿಲ್ಲ. ಹಳ್ಳ ತುಂಬಿ ರಸ್ತೆ ಮುಳುಗಿತ್ತು. ಪೊಲೀಸರ ಗಾಡಿ ಸುತ್ತು ಹಾಕಿಕೊಂಡು ಹೊರಟಿತ್ತು, ಅದು ಮುಟ್ಟುವುದು ಯಾವಾಗಲೋ. ಈಚೆ ದಂಡೆಯಿಂದ ಆ ಊರಿನ ಕಟ್ಟೆ ಕಾಣುತ್ತದೆ. ಕಬ್ಬಿಣದ ಹಾರ್ನಿನ ದನಿಯಾದರೆ ಅಲ್ಲಿಗೆ ಮುಟ್ಟುತ್ತದೆ. ಅಂಥ ಹಾರ್ನು ಉಳಿದಿದ್ದದ್ದು ನಮ್ಮಲ್ಲಿ ಮಾತ್ರ.

ನನಗೆ ಸಿಟ್ಟು ಬಂತು. ಹೊರಗಿನವರನ್ನು ಕಂಡರೆ ಹುಷಾರು ಎಂದು ಆ ಹುಡುಗರಿಗೆ ಪಾಠ ಹೇಳಿದ್ದು ಯಾರು ಎಂದು ಮುಖದ ಮೇಲೇ ಕೇಳಿದೆ. ಅವರು ತಲೆ ತಗ್ಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಅದನ್ನ ಆಮ್ಯಾಲ ಕೇಳು. ಸಂತ್ಯಾಗ ನಿಂತು ಕೇಳು. ಅಂವ ಕಳ್ಳನ ಇದ್ದಾನ ಅಂತ ಹಿಡಿ, ಆದ್ರೂ ಕಟ್ಟಿ ಹೊಡದು ಕೊಲ್ಲಾಕ ಇವ್ರಿಗೆ ಯಾರು ಹೇಳ್ಯಾರ? ಅಂವ ಸತ್ತಮ್ಯಾಲ ನೀ ನನಗ ಬೈದು ಏನ್ ಬಂತು, ಶರಣಪ್ಪ?"

ಅದು ನಾನೇ ಹೇಳಬೇಕಾದ ಮಾತು. ಅವರ ಬಾಯಿಂದ ಬಂದಿತ್ತು. ಖಾಸೀಂ ಅಷ್ಟರಲ್ಲಿ ಬ್ಯಾಟರಿ ಎತ್ತಿ ಟಂಟಂನಲ್ಲಿ ಇಟ್ಟಾಗಿತ್ತು. ಮಾತಾಡುವವನು ನಾನು, ನೀವಲ್ಲ ಎಂದು ಸಾಹುಕಾರರಿಗೆ ಹೇಳಿ ಗಾಡಿ ಹತ್ತಿದೆ. ಆಗಲಿ ಎಂದು ಅವರು ಜೀಪು ಬಿಟ್ಟು ನಮ್ಮ ಗಾಡಿಯಲ್ಲೇ ಕೂತರು. ದಾರಿಯುದ್ದಕ್ಕೂ ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು, ನನಗೆ ಸರಿಯಲು ಜಾಗವಿರಲಿಲ್ಲ.

ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಜಾಲಿಯ ಗಿಡವೊಂದು ಬೇರುಸಮೇತ ತೇಲಿಹೋಯಿತು. ಆಚೆ ಕಟ್ಟೆಯ ಮೇಲೆ ಜನ ಗುಂಪಾಗಿ ನಿಂತದ್ದು ಕಾಣುತ್ತಿತ್ತು, ನಡುವೆ ಕಂಬ. ಖಾಸೀಂ ಆಂಪ್ಲಿಫೈಯರು ಹಚ್ಚಿದ. ತೇವ ಹಿಡಿದಿದ್ದ ಪೆಟ್ಟಿಗೆ ಕಾದು ಆ ವಾಸನೆ ಎದ್ದಿತು. ಖಾಸೀಂ ಪೆಟ್ಟಿಗೆಯ ಬದಿಗೆ ಎರಡು ಸಲ ತಟ್ಟಿದ, ದನಿ ಬಂತು.

ನಾನು ಮಾತಾಡಿದೆ. ಇವನು ಹೆಳವರ ಯಮನಪ್ಪ, ವಂಶ ಹೇಳುವವನು, ನಿಮ್ಮ ಊರಿನ ಹಿರಿಯರಿಗೆಲ್ಲ ಗೊತ್ತಿರುವವನು, ಮಕ್ಕಳ ಹೆಸರು ಕೇಳುವುದು ಅವನ ಕಸುಬು, ಬಿಟ್ಟುಬಿಡಿ ಎಂದು ಎಷ್ಟು ಸಲ ಹೇಳಿದೆನೋ. ಗುಂಪಿನಲ್ಲಿ ಕೆಲವರು ತಿರುಗಿ ನೋಡಿದರು. ಒಬ್ಬ ಕೈ ಬೀಸಿದ. ಲಸಿಕೆ, ಕರೆಂಟು, ಎಮ್ಮೆ ಸಾರುವ ದನಿ ಅದು, ಕೇಳಿ ರೂಢಿಯಾಗಿತ್ತು. ಮತ್ತೆ ಬೆನ್ನು ತಿರುಗಿಸಿದರು. ಬಡಿಗೆಯೊಂದು ಮೇಲೆದ್ದು ಕೆಳಗಿಳಿದದ್ದು ಇಲ್ಲಿಂದಲೇ ಕಾಣಿಸಿತು, ಸದ್ದು ಮಾತ್ರ ಬರಲಿಲ್ಲ.

ಸಾಹುಕಾರರು ಕೈ ಚಾಚಿದರು. ಆ ಹುಡುಗರು ಯಾರ ದನಿಗೆ ತಿರುಗುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಬೆರಳು ಬಿಚ್ಚಲಿಲ್ಲ. ಮೈಕು ಹಿಡಿದು ಹಾಗೇ ನಿಂತಿದ್ದೆ. ಖಾಸೀಂ ಕೂತಲ್ಲಿಂದ ಎದ್ದು ಬಂದ. ಹೆಗಲ ಮೇಲಿನ ಎಣ್ಣೆ ಒರೆಸುವ ಅರಿವೆ ತೆಗೆದು ಮೈಕಿನ ಬಾಯಿಗೆ ಸುತ್ತಿ ಗಂಟು ಹಾಕಿದ.

"ಕೊಡು. ಅರ್ಧ ಮೈಕು ನಂದೂ ಐತಿ. ಇವರ ಉಗುಳು ಬೀಳದಂಗ ಅರಿವಿ ಕಟ್ಟೀನಿ."

ಸಾಹುಕಾರರಿಗೆ ಅದು ಕೇಳಿಸಿತು. ಮೈಕು ನನ್ನ ಕೈಯಿಂದ ಅವರ ಕೈಗೆ ಹೋಯಿತು.

ಅವರ ದನಿ ಹೊರಟ ಕೂಡಲೇ ಆಚೆಯ ಗುಂಪು ಇಡಿಯಾಗಿ ಇತ್ತ ತಿರುಗಿತು. ತಮ್ಮ ಹೆಸರು ಹೇಳಿ, ಹಗ್ಗ ಬಿಚ್ಚಿರಿ ಎಂದರು. ಚಪ್ಪಾಳೆಗೆ ಜಾಗ ಬಿಡುವ ಅವರ ಹಳೆಯ ರೂಢಿ ಈ ಸಲ ಇರಲಿಲ್ಲ.

"ಅಂವ ಯಾವ ಊರಾವ, ಯಾವ ಮಂದಿ ಪೈಕಿ ನನಗ ಬ್ಯಾಡ. ಒಬ್ಬ ಮನಷ್ಯಾನ ಕಟ್ಟಿ ಹೊಡ್ಯಾಕ ನಾ ನಿಮಗ ಎಂದೂ ಹೇಳಿಲ್ಲ. ಹೇಳಿದಂಗ ಕೇಳಿಸಿದ್ರ ಅದನ್ನ ಮರತಬಿಡ್ರಿ. ಅವಗ ನೀರು ಕೊಡ್ರಿ."

ಹೇಳಿಲ್ಲವೆಂಬುದು ಪೂರ್ತಿ ನಿಜವಲ್ಲ. ಕೇಳಿಸಿದ್ದರೆ ಮರೆತುಬಿಡಿ ಎಂಬುದು ರಾಜಕಾರಣಿಯ ಜಾಣತನ. ಇಷ್ಟು ನನ್ನ ತಲೆಗೆ ಆಗಲೇ ಹೊಳೆದಿತ್ತು. ಆದರೆ ಆ ಮಾತು ಬರುವಾಗ ಖಾಸೀಂ ಬಗ್ಗಿ ದನಿಯ ತಿರುಪನ್ನು ಇನ್ನಷ್ಟು ಏರಿಸಿದ್ದನ್ನು ನಾನು ನೋಡಿದೆ. ನೀರು ಕೊಡಿ ಎಂದು ಸಾಹುಕಾರರು ಮತ್ತೆ ಮತ್ತೆ ಹೇಳಿದರು, ಗಂಟಲು ಕಟ್ಟುವವರೆಗೆ. ಗುಂಪು ಒಡೆಯಿತು. ಯಾರೋ ಕಂಬದ ಹತ್ತಿರ ಬಗ್ಗಿದರು. ಯಮನಪ್ಪ ಕುಸಿದು ಕೂತ. ಮನೆಯೊಂದರಿಂದ ಒಬ್ಬ ಮುದುಕಿ ತಂಬಿಗೆ ಹಿಡಿದು ಬಂದಳು, ಅವಳಿಗೆ ಯಾರೂ ಅಡ್ಡ ಬರಲಿಲ್ಲ. ನನಗೆ ಅಳು ಬಂತು. ಸಾಹುಕಾರರ ಮುಂದೆ ಅಳಬಾರದೆಂದು ಹಾರ್ನಿನ ಹಗ್ಗ ಬಿಗಿ ಮಾಡುವವನಂತೆ ಗಾಡಿಯ ಆಚೆಗೆ ಹೋದೆ.

ಪೊಲೀಸರು ಆಮೇಲೆ ಮುಟ್ಟಿದರು. ಯಮನಪ್ಪನನ್ನು ಕೊಪ್ಪಳದ ದವಾಖಾನೆಗೆ ಸಾಗಿಸಿದರು. ಬದುಕಿದ, ಬಲಗೈಯ ಬೆರಳುಗಳು ಮಾತ್ರ ನೆಟ್ಟಗಾಗಲಿಲ್ಲ. ಆ ದಿನ ಮೂವರೂ ಟಂಟಂನಲ್ಲೇ ವಾಪಸು ಬಂದೆವು. ಅಂಗಡಿಯ ಮುಂದೆ ಇಳಿದು ಸಾಹುಕಾರರು ಅರಿವೆ ಬಿಚ್ಚಿ ಮಡಚಿ ಖಾಸೀಂನ ಕೈಗೇ ಕೊಟ್ಟರು. ಆಮೇಲೆ ಜೀಪು ಹತ್ತಿದರು. ಖಾಸೀಂ ಅದರಿಂದಲೇ ಪೆಟ್ಟಿಗೆಯ ಮೇಲಿನ ನೀರು ಒರೆಸಿದ. ನಿಮ್ಮ ಅವ್ವನ ನೆನಪು ಬಂತೇನು ಎಂದು ಕೇಳಿದೆ. ನೀರಿಗೆ ಪೆಟ್ಟಿಗೆ ಹಾಳಾಗುತ್ತದೆ, ಅದನ್ನು ನೋಡು ಎಂದ.

ಮುಂದಿನ ವಾರವೇ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು ಎದ್ದಿತು. ಸಾಹುಕಾರರು ಕೈಮುಗಿದ ಚಿತ್ರ, ಮೇಲೆ ಮಾನವೀಯತೆಯ ಮೂರ್ತಿ ಎಂದು ದೊಡ್ಡಕ್ಷರ. ಕೆಳಗೆ ಶುಭಕೋರುವವರ ಸಣ್ಣ ಸಣ್ಣ ದುಂಡನೆಯ ಚಿತ್ರಗಳಲ್ಲಿ ಗಂಟೆ ಎತ್ತಿ ಹಿಡಿದಿದ್ದ ಹುಡುಗನ ಮುಖವೂ ಇತ್ತು. ಚಹಾದಂಗಡಿಯಲ್ಲಿ ಸಾಹುಕಾರರನ್ನು ಕಂಡರಾಗದ ನಮ್ಮವರು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ನಾನು ಮೊದಲಿನಿಂದ ಗೌರವಿಸುವ ಮಾಸ್ತರೊಬ್ಬರು, ಸಾಹುಕಾರನ ಮುಖ ತೊಳೆದುಕೊಟ್ಟೆಯಲ್ಲೋ ಎಂದು ನೊಂದುಕೊಂಡರು. ಇನ್ನೊಬ್ಬ, ಯಾವಾಗ ಶಾಲು ಹೊದೆಸುತ್ತಾರೆ ಎಂದು ಕೇಳಿದ. ಮಳೆ ಬರುತ್ತದೆ ಎಂದು ನನಗಾಗದವನು ಕೂಗಿ ಹೇಳಿದರೆ ಅಂಗಳದ ಸಜ್ಜೆ ಒಳಗೆ ತರಬಾರದೇನು ಎಂದು ನಾನು ಕೇಳಿದೆ. ಮಾಸ್ತರು ಚಹಾದ ದುಡ್ಡು ಇಟ್ಟು ಎದ್ದುಹೋದರು. ಹೇಳಿಬಿಟ್ಟೆನೆಂದು ನನಗೂ ಸಮಾಧಾನವಾಗಲಿಲ್ಲ. ಫ್ಲೆಕ್ಸಿನ ಮುಂದೆ ಹಾದುಹೋಗುವಾಗಲೆಲ್ಲ ಮೈ ಉರಿಯುತ್ತಿತ್ತು.

ಸಾಹುಕಾರರೂ ಬದಲಾಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಬೇರೆಯವರ ಮೈಕಿನಲ್ಲಿ ಅದೇ ಹಳೆಯ ಭಾಷಣ, ತುಸು ಮೆತ್ತಗೆ. ನಮ್ಮ ಅಂಗಡಿಗೆ ಅವರ ಕಡೆಯವನೊಬ್ಬ ಬಂದು, ಈಗಂತೂ ಅಡ್ಡಿಯಿಲ್ಲವಲ್ಲ ಎಂದು ನಗುತ್ತ ಕೇಳಿದ. ಅಡ್ಡಿ ಇದೆ ಎಂದೆ. ಕಾರಣ ಕೇಳಿದ. ಹಳ್ಳ ತುಂಬಿದಾಗ ಬಾ ಎಂದು ಖಾಸೀಂ ಒಳಗಿನಿಂದಲೇ ಹೇಳಿದ. ದಾರಿಯಲ್ಲಿ ಎದುರಾದರೆ ಸಾಹುಕಾರರು ಈಗಲೂ ನಮಸ್ಕಾರ ಮಾಡುತ್ತಾರೆ. ನಾನು ಆಕಾಶ ನೋಡುವುದನ್ನು ಬಿಟ್ಟಿದ್ದೇನೆ, ತಲೆ ಆಡಿಸುತ್ತೇನೆ. ಅದಕ್ಕಿಂತ ಹೆಚ್ಚು ಇಲ್ಲ.

ಯಮನಪ್ಪ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮರುವರ್ಷದ ಸುಗ್ಗಿಗೆ ಗಂಟೆಯ ಸದ್ದು ಕೇಳಿಸಿತು. ಮೊಪೆಡ್ಡು ಮಗ ಓಡಿಸುತ್ತಿದ್ದ, ಇವನು ಹಿಂದೆ ಕೂತಿದ್ದ. ಅಂಗಳದಲ್ಲಿ ಕೂತು ನಮ್ಮ ಮೂಲಪುರುಷನಿಂದ ಶುರು ಮಾಡಿದ. ದನಿ ಸ್ವಲ್ಪ ಇಳಿದಿತ್ತು, ಒಂದು ಹೆಸರೂ ತಪ್ಪಲಿಲ್ಲ. ನನ್ನ ಹೆಸರು ಬಂತು, ನನ್ನ ಮಗನ ಹೆಸರು ಬಂತು. ಅಲ್ಲಿಗೆ ನಿಲ್ಲಿಸಿದ. ನಾನು ಮೊಮ್ಮಗಳನ್ನು ಎತ್ತಿಕೊಂಡು ಅವನ ಮುಂದೆಯೇ ನಿಂತಿದ್ದೆ. ಅವನು ಅವಳತ್ತ ನೋಡಲಿಲ್ಲ. ಯಾವ ಕೂಸು, ಹೆಸರೇನು ಎಂದು ಕೇಳಲಿಲ್ಲ. ನೆಲ ನೋಡುತ್ತ ಸುಮ್ಮನೆ ಕೂತ.

ನಾನೇ ಹೇಳಿದೆ, ಗೌರಿ ಎಂದು. ಗೌರಿ ಎಂದು ವಂಶದ ಕೊನೆಗೆ ಸೇರಿಸಿದ. ಎಲ್ಲ ಮನೆಗಳಲ್ಲೂ ಹೀಗೇ ಸುಮ್ಮನಿರುತ್ತೀಯಾ ಎಂದು ಕೇಳಿದೆ. ಹೂಂ ಅಂದ. ಹೇಳಿದರೆ ಸೇರಿಸುತ್ತೇನೆ, ಹೇಳದಿದ್ದರೆ ಮುಂದಿನ ಮನೆಗೆ ಹೋಗುತ್ತೇನೆ ಎಂದ. ಸಾಹುಕಾರರ ಮನೆಗೂ ಅವನೇ ಹೆಳವ. ಅಲ್ಲಿಗೆ ಹೋಗಿದ್ದೆಯಾ ಎಂದು ಕೇಳಿದೆ, ಸುಮ್ಮನೆ ಇರಲಾಗದೆ.

"ನಿನ್ನೆ ಹೋಗಿದ್ನಿರಿ. ಅವ್ರಿಗೆ ಮೊಮ್ಮಗ ಹುಟ್ಟ್ಯಾನ. ನಾ ಏನೂ ಕೇಳ್ಲಿಲ್ಲರಿ. ಅವ್ರ ಒಳಗ ಹೋಗಿ ಕೂಸಿನ್ನ ತಂದು ನನ್ನ ತೊಡಿ ಮ್ಯಾಲ ಹಾಕಿ, ಈಗ ಕೇಳು ಯಮನಪ್ಪ ಅಂದ್ರು. ಕೇಳೂತನಾ ಹೆಸರು ಹೇಳ್ಲಿಲ್ಲರಿ."

ನಾನು ಗೌರಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ನಿಂತಿದ್ದೆ. ಅದು ಆಗ ನನ್ನ ಗಮನಕ್ಕೆ ಬಂತು. ಆ ಮನುಷ್ಯನನ್ನು ಇನ್ನೊಂದು ಸಲ ಒಪ್ಪಬೇಕಾಯಿತಲ್ಲ ಎಂದು ಸಿಟ್ಟು ನೆತ್ತಿಗೇರಿತು. ಕೆಳಗೆ ಕೂತು, ಕೂಸನ್ನು ಯಮನಪ್ಪನ ತೊಡೆಯ ಮೇಲೆ ಇಟ್ಟೆ. ಅವನ ಸೊಟ್ಟ ಬೆರಳುಗಳನ್ನು ಅವಳು ಹಿಡಿದುಕೊಂಡಳು. ಮುಖ ಎತ್ತಿ ನನ್ನನ್ನು ನೋಡಿದ.

"ಕೇಳು" ಎಂದೆ.